ಊರಿನ ಲೆಕ್ಕ

ಹಳ್ಳಿಯ ಚಾವಡಿಯ ಮುಂದೆ ಅಪರಿಚಿತನೊಬ್ಬನು ಕೈಯಲ್ಲಿ ಪುಸ್ತಕವನ್ನೂ ಸೀಸದಕಡ್ಡಿಯನ್ನೂ ಹಿಡಿದು ಬಂದು ನಿಂತನೆಂದರೆ ಊರಿನವರಿಗೆ ಮೊದಲು ಹುಟ್ಟುವುದು ಕಂದಾಯದ ಯೋಚನೆ. ಆತನು ಅಮಲ್ದಾರರ ಕಚೇರಿಯವನೋ, ಮೋಜಣಿಯವನೋ, ಸಾಲದ ಜಫ್ತಿಗೆ ಬಂದವನೋ ಎಂದು ಹಿರಿಯರು ಎಲೆಯಡಿಕೆಯನ್ನು ಮೆಲ್ಲುತ್ತ ಅಳೆದು ನೋಡುವರು. ಭೂಮಿ ಎಷ್ಟಿದೆಯೆಂದು ಕೇಳಿದರೆ ಇದ್ದುದಕ್ಕಿಂತ ಕಡಮೆಯಾಗಿ ಹೇಳುವರು. ಸಾಲವೆಷ್ಟೆಂದು ಕೇಳಿದರೆ ಇದ್ದುದಕ್ಕಿಂತ ಹೆಚ್ಚಾಗಿ ಹೇಳುವರು. ಮಕ್ಕಳೆಷ್ಟೆಂದರೆ ಕೆಲವರು ಗಂಡುಮಕ್ಕಳನ್ನು ಮಾತ್ರ ಎಣಿಸಿ ಸುಮ್ಮನಾಗುವರು. ಇದನ್ನು ಅಸತ್ಯವೆಂದು ನಗರವಾಸಿಗಳು ಆಕ್ಷೇಪಿಸುವುದುಂಟು. ಆದರೆ ಬಹುಕಾಲದಿಂದ ಲೆಕ್ಕದ ಪುಸ್ತಕದ ಬೆನ್ನಹಿಂದೆ ಊರಿಗೆ ಬಂದುದು ಕಂದಾಯ, ಬಿಟ್ಟಿ, ದಂಡಿಗೆ ಧಾನ್ಯ ಇವುಗಳೇ. ಲೆಕ್ಕಕ್ಕೆ ಸಿಕ್ಕಿಬೀಳದಿರುವುದೇ ಜಾಣತನವೆಂದು ರೈತನು ಅನುಭವದಿಂದ ಕಲಿತಿರುವನು. ನಗರವಾಸಿಯಾದರೂ ವರಮಾನತೆರಿಗೆಯ ಕಾಗದವನ್ನು ತುಂಬುವಾಗ ಇದಕ್ಕಿಂತ ಬಹಳ ಭಿನ್ನನಾಗಿ ನಡೆದುಕೊಳ್ಳುವನೆಂದು ತೋರುವುದಿಲ್ಲ.

ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳ ಪರಿಶೋಧನೆಯು ಈ ಸಂಶಯದ ನಡುವೆಯೇ ನಡೆಯಬೇಕಾದ ಕೆಲಸ. ರಸಾಯನಶಾಸ್ತ್ರಜ್ಞನ ಪಾತ್ರೆಯಲ್ಲಿರುವ ದ್ರವವು ತನ್ನನ್ನೇತಕ್ಕೆ ಕಾಯಿಸುತ್ತಿರುವೆಯೆಂದು ಆತನನ್ನು ತಿರುಗಿ ಕೇಳುವುದಿಲ್ಲ. ಜನರ ಸಂಪತ್ತನ್ನೂ ಅಧಿಕಾರವನ್ನೂ ಸುಖದುಃಖಗಳನ್ನೂ ಅಳೆಯಹೊರಟವನಿಗೆ ಆ ಸೌಲಭ್ಯವಿಲ್ಲ. ಆತನು ಕೇಳುವ ಪ್ರತಿಯೊಂದು ಪ್ರಶ್ನೆಗೂ ಎದುರಿನವನ ಮನಸ್ಸಿನಲ್ಲಿ ಒಂದು ಮರುಪ್ರಶ್ನೆ ಇದ್ದೇ ಇರುತ್ತದೆ: ಇದರಿಂದ ಯಾರಿಗೆ ಏನು ಬಂತು? ಮೈಸೂರು ಸೀಮೆಯ ಹಳ್ಳಿಗಳಿಗೆ ಈ ಪ್ರಶ್ನೆಯನ್ನು ಕೇಳುವ ಅವಕಾಶವು ಬೇರೆ ಸೀಮೆಗಳವರಿಗಿಂತ ಹೆಚ್ಚಾಗಿಯೇ ಒದಗಿತು. ಕಳೆದ ಎರಡು ಶತಮಾನಗಳಲ್ಲಿ ಇಲ್ಲಿನ ರೈತರನ್ನು ಪ್ರಶ್ನಿಸಿದವರು ಅನೇಕರು; ಅವರಲ್ಲಿ ಕೆಲವರ ಗ್ರಂಥಗಳನ್ನು ದೂರದೂರದ ವಿದ್ಯಾಪೀಠಗಳಲ್ಲಿ ಇಂದಿಗೂ ಓದುತ್ತಾರೆ.

ಇವರಲ್ಲಿ ಹಿರಿಯನೆಂದರೆ ಫ್ರಾನ್ಸಿಸ್ ಬುಕನನ್. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮರುವರುಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಈ ಸ್ಕಾಟ್ಲೆಂಡಿನ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಕನ್ನಡ, ಮಲೆಯಾಳ ಸೀಮೆಗಳನ್ನು ಸುತ್ತಿದನು. ನೇಗಿಲು ಎಂಥದು, ಮಣ್ಣು ಎಷ್ಟು ಬಗೆ, ರಾಗಿಯನ್ನು ಯಾವ ಮಳೆಗೆ ಬಿತ್ತುವರು, ಒಂದು ಖಂಡುಗ ಬೀಜಕ್ಕೆ ಏನು ಬೆಳೆ, ಆಲೆಮನೆ ಹೇಗೆ ನಡೆಯುತ್ತದೆ, ಕಬ್ಬಿಣದ ಅದಿರನ್ನು ಕರಗಿಸುವವರು ಯಾರು, ನೇಕಾರರ ಸ್ಥಿತಿ ಹೇಗೆ, ಯಾವ ಜಾತಿಯವರು ಯಾರ ಮನೆಯಲ್ಲಿ ಉಣ್ಣುವರು ಎಂಬುದನ್ನೆಲ್ಲಾ ದಿನದಿನವೂ ಬರೆದಿಟ್ಟನು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ ಮೂರು ಸಂಪುಟಗಳಲ್ಲಿ ಕನ್ನಡ ನಾಡಿನ ಅಂದಿನ ಬಾಳು ಎಷ್ಟು ಕಾಣುತ್ತದೆಯೋ ಅಷ್ಟು ಬೇರೆ ಕಡೆ ಕಾಣುವುದು ಕಷ್ಟ. ಆದರೆ ಪ್ರಶ್ನೆ ಕೇಳುತ್ತಿದ್ದವನ ಹಿಂದೆ ಗೆದ್ದ ಸೇನೆಯಿತ್ತೆಂಬುದನ್ನು ವಾಚಕರು ಮರೆಯಬಾರದು. ಹೊಸದಾಗಿ ಕೈಸೇರಿದ ಆಸ್ತಿಯ ಬೆಲೆಯನ್ನು ಕಟ್ಟುವುದೇ ಆ ಪ್ರವಾಸದ ಅಂತರಂಗ. ಒಬ್ಬ ರೈತನು ಹೇಳಿದುದು ಇನ್ನೊಬ್ಬನು ಹೇಳಿದುದಕ್ಕೆ ಹೊಂದದೆ ಬುಕನನ್ನನು ಹಲವೆಡೆ ತೊಡಕಿಗೆ ಸಿಕ್ಕಿದನು. ಹಾಗಾಗದಿದ್ದರೇ ಆಶ್ಚರ್ಯಪಡಬೇಕಾಗಿತ್ತು.

ಅನಂತರ ಬಂದುದು ಸರ್ಕಾರದ ಎಣಿಕೆ. 1871ರಲ್ಲಿ ಮೈಸೂರು ಸೀಮೆಯಲ್ಲಿ ಖಾನೇಷುಮಾರಿ ನಡೆಯಿತು. 1877ರಿಂದ ಲೂಯಿ ರೈಸ್ ಅವರ ಗೆಜೆಟಿಯರಿನ ಸಂಪುಟಗಳು ಹೊರಬಿದ್ದುವು. ತಲೆಗಳು ಲೆಕ್ಕಕ್ಕೆ ಬಂದುವು, ಜಾತಿಗಳು ಪಟ್ಟಿಯಲ್ಲಿ ಕುಳಿತುವು, ಜನರು ಪಟ್ಟಿಯಲ್ಲಿ ತಮ್ಮ ಸ್ಥಾನಕ್ಕಾಗಿ ಅರ್ಜಿ ಬರೆದುಕೊಳ್ಳಲು ಮೊದಲುಮಾಡಿದರು. ಎಣಿಕೆಯು ಇರುವುದನ್ನು ತೋರಿಸುವುದಲ್ಲದೆ ಇಲ್ಲದ ಹಂಬಲಗಳನ್ನೂ ಹುಟ್ಟಿಸಬಲ್ಲದು. ಆ ಕಥೆಯೇ ಬೇರೆ, ಅದಕ್ಕೆ ಬೇರೊಂದು ಲೇಖನವೇ ಬೇಕು.

ಲೆಕ್ಕವನ್ನು ಪ್ರಭುಗಳ ಕೈಯಿಂದ ಕಿತ್ತುಕೊಂಡು ಪ್ರಜೆಗಳ ಪರವಾಗಿ ತಿರುಗಿಸಿದವರು ದಾದಾಭಾಯಿ ನವರೋಜಿಯವರು. 1867ರಿಂದ 1870ರ ವರೆಗಿನ ಬೆಳೆಗಳ ಬೆಲೆಯನ್ನು ಸರ್ಕಾರದ ವರದಿಗಳಿಂದಲೇ ಆರಿಸಿ ಕೂಡಿ, ಬ್ರಿಟಿಷ್ ಇಂಡಿಯಾದ ತಲೆಗೆ ವರುಷಕ್ಕೆ ಸುಮಾರು 20 ರೂಪಾಯಿ ವರಮಾನವೆಂದು ಅವರು ತೋರಿಸಿದರು. ಅಷ್ಟಕ್ಕೇ ನಿಲ್ಲದೆ ಸರ್ಕಾರವು ತನ್ನ ಕೈದಿಗಳ ಊಟ ಬಟ್ಟೆಗಳಿಗೆ ಮಾಡುತ್ತಿದ್ದ ವೆಚ್ಚವನ್ನು ಆ ಅಂಕದ ಪಕ್ಕದಲ್ಲಿಟ್ಟರು. ಕಳ್ಳತನ ಮಾಡಿ ಸೆರೆಗೆ ಹೋದವನಿಗೆ ಸಿಗುವಷ್ಟು ಅನ್ನವು ಹೊಲದಲ್ಲಿ ದುಡಿಯುವವನ ಪಾಲಿಗೆ ಸರಾಸರಿಯಲ್ಲಿ ಬರುತ್ತಿರಲಿಲ್ಲ. ಎಷ್ಟೋ ಸಭೆಗಳ ಭಾಷಣಗಳು ಮಾಡಲಾರದ ಕೆಲಸವನ್ನು ಆ ಒಂದು ಹೋಲಿಕೆ ಮಾಡಿತು.

ಇದೇ ದಾರಿಯಲ್ಲಿ ಮುಂದೆ ನಡೆದವರು ವಿ. ಕೆ. ಆರ್. ವಿ. ರಾಯರು. 1931-32ನೆಯ ಇಸವಿಯ ರಾಷ್ಟ್ರೀಯ ವರಮಾನವನ್ನು ಕೇಂಬ್ರಿಜ್ಜಿನ ಪದವಿಗಾಗಿ ಲೆಕ್ಕಹಾಕಿ ತಲೆಗೆ 62 ರೂಪಾಯಿಗಳೆಂದು ಅವರು ಕಂಡರು. ಗ್ರಂಥವು 1940ರಲ್ಲಿ ಪ್ರಕಟವಾಯಿತು. ಈ ಬಗೆಯ ಕೆಲಸದ ಶ್ರಮವನ್ನು ಹೊರಗಿನವರು ಊಹಿಸಲಾರರು. ಹಾಲಿನ ಲೆಕ್ಕವಿಲ್ಲ, ಸೌದೆಯ ಲೆಕ್ಕವಿಲ್ಲ, ಕುಂಬಾರನ ಮಡಕೆಗೆ ರಸೀತಿಯಿಲ್ಲ; ಇವನ್ನೆಲ್ಲಾ ಅಲ್ಲಲ್ಲಿ ಮಾಡಿದ ಚಿಕ್ಕಚಿಕ್ಕ ವಿಚಾರಣೆಗಳಿಂದ ಹೆಕ್ಕಿ ದೇಶದ ಮೊತ್ತಕ್ಕೆ ಏರಿಸಬೇಕು. ಹೀಗೆ ಸಿಕ್ಕಿದ ಸರಾಸರಿಯಾದರೂ ಎಂಥದು? ಸಾವಿರ ರೂಪಾಯಿ ಸಂಬಳದ ಅಧಿಕಾರಿಯನ್ನೂ ಆತನ ಕುದುರೆಗೆ ಹುಲ್ಲು ಹಾಕುವ ಆಳನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಇಬ್ಬರೂ ಅನುಕೂಲಸ್ಥರಾಗಿ ಕಾಣುವರು. ಅಂಕವು ದೇಶದ ಬಡತನವನ್ನು ತೋರಿಸಬಲ್ಲದು. ಒಂದು ಮನೆಯ ಬಡತನವು ಯಾರಿಂದ ಬಂತು, ಯಾರ ಮೇಲೆ ಹೆಚ್ಚು ಭಾರವಾಗಿ ಕುಳಿತಿದೆ ಎಂಬುದನ್ನು ಅದರ ಬಾಯಿಂದ ಹೊರಡಿಸಲಾಗದು. ಅದಕ್ಕೆ ಊರಿನಲ್ಲಿ ಇರಬೇಕು.

ಊರಿನಲ್ಲಿ ಇರಲು ಹೋದವರಲ್ಲಿ ಕನ್ನಡಿಗರಿಗೆ ಹತ್ತಿರದವರು ಎಂ. ಎನ್. ಶ್ರೀನಿವಾಸರು. 1916ರಲ್ಲಿ ಮೈಸೂರು ನಗರದಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಘುರ್ಯೆಯವರ ಬಳಿಯೂ ಆಕ್ಸ್‌ಫರ್ಡಿನಲ್ಲಿ ರ್‍ಯಾಡ್‌ಕ್ಲಿಫ್ ಬ್ರೌನ್, ಎವಾನ್ಸ್ ಪ್ರಿಚರ್ಡ್ ಅವರ ಬಳಿಯೂ ವ್ಯಾಸಂಗ ಮಾಡಿದ ಇವರು 1948ರಲ್ಲಿ ಮೈಸೂರಿಗೆ ಸಮೀಪದ ಒಂದು ನೀರಾವರಿಯ ಹಳ್ಳಿಗೆ ಹೋಗಿ ಬೀಡುಬಿಟ್ಟರು. ಆ ಊರಿಗೆ ತಮ್ಮ ಬರಹಗಳಲ್ಲಿ ರಾಮಪುರವೆಂಬ ಕಲ್ಪಿತ ನಾಮವನ್ನಿಟ್ಟರು. 1952ರಲ್ಲಿ ಪುನಃ ಹೋದರು. ಇರಲು ಸಿಕ್ಕಿದ ಜಾಗವು ಪಟೇಲರಿಗೆ ಸೇರಿದ ಎತ್ತಿನ ಮನೆ. ಒಂದು ಕಡೆ ಪಟೇಲರ ಎತ್ತುಗಳು, ಮತ್ತೊಂದು ಕಡೆ ಆಕ್ಸ್‌ಫರ್ಡಿನ ವಿದ್ವಾಂಸರು. ಎತ್ತುಗಳಿಗೆ ಇದರಿಂದ ಯಾವ ತೊಂದರೆಯೂ ಆದಂತೆ ಕಾಣೆ.

ಮೈಸೂರಿನ ಅಯ್ಯಂಗಾರರ ಮನೆಯ ಹುಡುಗನು ಆ ಊರಿನ ಗೌಡರ ನಡುವೆ ಹೇಗೆ ಬಾಳಿದನೆಂಬುದೇ ಒಂದು ಸೊಗಸಾದ ಅಧ್ಯಾಯ. ಪರೀಕ್ಷಿಸಲು ಹೋದವರನ್ನು ಊರು ತಾನೇ ಪರೀಕ್ಷೆಗೆ ಒಡ್ಡಿತು. ಬ್ರಾಹ್ಮಣನೆಂದರೆ ಹೀಗಿರಬೇಕೆಂಬ ನಿಯಮಾವಳಿಯು ಒಕ್ಕಲಿಗರಿಗೆ ಶ್ರೀನಿವಾಸರಿಗಿಂತ ಚೆನ್ನಾಗಿ ಗೊತ್ತಿತ್ತು. ಸ್ನಾನಕ್ಕೂ ಕ್ಷೌರಕ್ಕೂ ಇರಬೇಕಾದ ಹಿಂದುಮುಂದನ್ನು ಇಂಗ್ಲೆಂಡಿನಿಂದ ಬಂದವರಿಗೆ ಊರಿನವರು ನೆನಪುಮಾಡಿಕೊಡಬೇಕಾಯಿತು. ತಮ್ಮ ಲೋಕದ ಸುದ್ದಿಯನ್ನು ಅವರಿಗೆ ಕೊಟ್ಟುದಕ್ಕೆ ಬದಲಾಗಿ ಹೊರಲೋಕದ ಸುದ್ದಿಯನ್ನು ಅವರಿಂದ ಕೇಳಿದರು. ಈ ಕೊಡುಕೊಳ್ಳುವಿಕೆಯಿಂದಲೇ ಆ ಕೆಲಸಕ್ಕೆ ಜೀವ ಬಂದುದು. ಪ್ರಶ್ನಪತ್ರಿಕೆಯನ್ನು ಮನೆಮನೆಗೆ ಹಂಚಿ ಸಂಜೆಗೆ ಕೂಡಿಸಿಕೊಂಡು ಹೋಗುವವನಿಗೆ ಇದು ದೊರೆಯುವುದಿಲ್ಲ.

ಆದರೆ ಎತ್ತಿನ ಮನೆಯ ಜಗುಲಿಯಿಂದ ಊರಿನ ಎಲ್ಲ ಕೇರಿಗಳೂ ಒಂದೇ ಸಮನಾಗಿ ಕಾಣವು. ಪಟೇಲರ ಆಶ್ರಯದಲ್ಲಿರುವ ಬ್ರಾಹ್ಮಣನು ಹೊಲೆಯರ ಕೇರಿಯಲ್ಲಿ ಮನಬಂದಂತೆ ಕುಳಿತು ಮಾತನಾಡುವುದು 1948ರಲ್ಲಿ ಸುಲಭವಾಗಿರಲಿಲ್ಲ. ಮುಸಲ್ಮಾನರ ಮನೆಗಳಿಗೂ ಹೆಂಗಸರ ಮಾತಿಗೂ ಅದೇ ಅಡ್ಡಿ. ತಮ್ಮ ಕಣ್ಣಿಗೆ ಬಿದ್ದುದು ಬಹುಮಟ್ಟಿಗೆ ಮೇಲಣ ಜಾತಿಗಳವರು ಕಂಡ ಊರೆಂದು ಶ್ರೀನಿವಾಸರು ತಾವೇ ಬರೆದಿರುವರು. ಒಪ್ಪಿಕೊಂಡುದು ಅವರ ದೊಡ್ಡತನ. ಆದರೂ ಆ ಒಪ್ಪಿಗೆಯಿಂದ ಕೇರಿಯ ಮಾತು ಪುಸ್ತಕದೊಳಕ್ಕೆ ಬಂದಂತಾಗಲಿಲ್ಲ. ಆ ಸೀಮೆಯಲ್ಲಿ ಗೌಡನ ಮನೆಗೆ ವಂಶಪಾರಂಪರ್ಯವಾಗಿ ದುಡಿಯುವ ಹೊಲೆಯನನ್ನು ಹಳೆಮಗನೆಂದು ಕರೆಯುತ್ತಿದ್ದರು. ಮಗನೆಂಬ ಅಕ್ಕರೆಯ ಮಾತು ಎಂಥ ಭಾರವನ್ನು ಹೊರಬಲ್ಲದೆಂಬುದು ಆ ಹಳೆಮಗನೇ ಹೇಳಬೇಕಾದ ಸಂಗತಿ.

ಶ್ರೀನಿವಾಸರು ಕಂಡ ಮೇಲಣ ಕೇರಿಯಾದರೂ ಸಾಮಾನ್ಯ ನೋಟವಲ್ಲ. ಪುಸ್ತಕದ ವರ್ಣವ್ಯವಸ್ಥೆಯಲ್ಲಿ ನಾಲ್ಕು ಮೆಟ್ಟಿಲುಗಳು; ಊರಿನಲ್ಲಿ ನೋಡಿದರೆ ಭೂಮಿಯುಳ್ಳ, ತಲೆಗಳ ಸಂಖ್ಯೆಯುಳ್ಳ, ತೋಳುಬಲವುಳ್ಳ ಒಕ್ಕಲಿಗನ ಮುಂದೆ ಅರ್ಚಕ ಬ್ರಾಹ್ಮಣನು ಕೈಕಟ್ಟಿ ನಿಲ್ಲುತ್ತಾನೆ. ಇದನ್ನು ಕಂಡು ಅವರು ಪ್ರಬಲ ಜಾತಿಯೆಂಬ ಪರಿಭಾಷೆಯನ್ನು ಬಳಕೆಗೆ ತಂದರು. ಇಂದು ವೃತ್ತಪತ್ರಿಕೆಗಳಲ್ಲಿ ದಿನಬೆಳಗಾದರೆ ಕಾಣುವ ವೋಟ್ ಬ್ಯಾಂಕ್ ಎಂಬ ಮಾತು ಕೂಡ 1955ರಲ್ಲಿ ಅವರು ಈ ಮೈಸೂರಿನ ಹಳ್ಳಿಯನ್ನು ಕುರಿತು ಬರೆದ ಪ್ರಬಂಧದಿಂದಲೇ ಹೊರಟುದೆಂದು ವಿದ್ವಾಂಸರ ಮತ. ಅಂದು ಅದರ ಅರ್ಥವು ಇಂದಿನದಲ್ಲ. ಪ್ರಾಪ್ತವಯಸ್ಕರೆಲ್ಲರಿಗೂ ಮತವು ದೊರೆತ ಹೊಸತರಲ್ಲಿ, ಸಾಲ ಕೊಟ್ಟ, ಗೇಣಿಗೆ ಭೂಮಿ ಕೊಟ್ಟ, ವ್ಯಾಜ್ಯ ತೀರಿಸಿದ ದೊಡ್ಡ ಕುಳವೊಬ್ಬನು ತನ್ನ ಆಶ್ರಿತರ ಮತಗಳನ್ನು ಗಂಟುಕಟ್ಟಿ ಅಭ್ಯರ್ಥಿಗೆ ಒಪ್ಪಿಸುವನು; ಅಭ್ಯರ್ಥಿಯು ಗೆದ್ದ ಮೇಲೆ ಬಸ್ಸಿನ ಪರವಾನಿಗೆಯೋ ಅಕ್ಕಿಗಿರಣಿಯ ಅಪ್ಪಣೆಯೋ ಕುಳಕ್ಕೆ ದಕ್ಕುವುದು. ಬ್ಯಾಂಕಿನ ಯಜಮಾನನು ಆ ಕುಳ; ಠೇವಣಿ ಆಶ್ರಿತರದು; ಬಡ್ಡಿ ಮಾತ್ರ ಯಜಮಾನನಿಗೆ. ಇತ್ತೀಚೆಗೆ ಅದೇ ಮಾತನ್ನು ಇಡಿಯ ಜಾತಿಯ ಮೇಲೆ, ಮತದ ಮೇಲೆ ಬೈಗುಳದಂತೆ ಎಸೆಯುತ್ತಾರೆ. ಕುಳಗಳ ಮೇಲಿದ್ದ ಆರೋಪವು ಆಶ್ರಿತರ ಮೇಲೆ ತಿರುಗಿದ ಈ ಬಗೆಯು, ಪರಿಭಾಷೆಗಳು ಹುಟ್ಟಿದವರ ಮನೆಯನ್ನು ಬಿಟ್ಟ ಮೇಲೆ ಯಾವ ಕೈಗೆ ಬೀಳುವುವೆಂಬುದಕ್ಕೆ ನಿದರ್ಶನವಾಗಿದೆ.

ರಾಮಪುರದ ಗ್ರಂಥವು ಮಾತ್ರ ಬಹುಕಾಲ ಬರೆಯಲ್ಪಡಲಿಲ್ಲ. ದೆಹಲಿಯಲ್ಲಿ ಸಮಾಜಶಾಸ್ತ್ರದ ಇಲಾಖೆಯನ್ನು ಕಟ್ಟುವ ಭಾರ ಹೆಗಲಿಗೆ ಬಿದ್ದಿತ್ತು. ಕಡೆಗೆ ಬಿಡುವು ಮಾಡಿಕೊಂಡು ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿರುವ ಒಂದು ವಿದ್ವತ್‌ಕೇಂದ್ರಕ್ಕೆ ಹೋದರು. ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಅವರ ಕೊಠಡಿಯಲ್ಲಿಯೇ ಇದ್ದುವು. 1970ನೆಯ ಇಸವಿ ಏಪ್ರಿಲ್ 24ರಂದು ಯಾರೋ ಆ ಕಟ್ಟಡಕ್ಕೆ ಬೆಂಕಿಯಿಟ್ಟರು. ವಿಯತ್‌ನಾಮಿನ ಯುದ್ಧಕ್ಕೆ ವಿರೋಧವಾಗಿ ವಿದ್ಯಾರ್ಥಿಗಳ ಕ್ಷೋಭೆಯು ಎದ್ದಿದ್ದ ದಿನಗಳವು. ಕನ್ನಡದ ಒಂದು ಹಳ್ಳಿಯ ಸಾಲಸೋಲ, ಜಗಳ, ಮದುವೆ, ಜಾತ್ರೆಗಳ ವಿವರವೆಲ್ಲಾ ಪರದೇಶದ ಗುಡ್ಡದ ಮೇಲೆ ಯಾರದೋ ಕೋಪಕ್ಕೆ ಉರಿದುಹೋದುವು. ಅಲ್ಲಿದ್ದ ಸಾಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞರು, ನೆನಪಿನಿಂದಲೇ ಬರೆಯಬಹುದಲ್ಲವೇ ಎಂದು ಸೂಚಿಸಿದರು. ಶ್ರೀನಿವಾಸರು ಬರೆದರು; 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಹೊರಬಂದಿತು. ಕೋಷ್ಟಕಗಳಿಲ್ಲದ ಆ ಪುಸ್ತಕದಲ್ಲಿ ಪಟೇಲರೂ ಅವರ ಸ್ನೇಹಿತರೂ ನಡೆದಾಡುತ್ತಾರೆ, ನಗುತ್ತಾರೆ, ಮುನಿಯುತ್ತಾರೆ. ಇದು ಶಾಸ್ತ್ರವೋ ಸಾಹಿತ್ಯವೋ ಎಂದು ಪಂಡಿತರು ಚರ್ಚಿಸಿದರು. ಟಿಪ್ಪಣಿಗಳು ಉಳಿದಿದ್ದರೆ ಹೆಚ್ಚು ನಿಖರವಾದ ಗ್ರಂಥವೊಂದು ಹುಟ್ಟುತ್ತಿತ್ತೆಂಬುದು ದಿಟ. ಅದನ್ನು ಇಷ್ಟು ಜನ ಓದುತ್ತಿದ್ದರೆಂದು ಹೇಳುವುದು ಕಷ್ಟ.

ಶ್ರೀನಿವಾಸರ ನೆನಪಿನ ಪುಸ್ತಕಕ್ಕೆ ಎದುರಾಗಿ ಇಡಬೇಕಾದುದು ಮಂಡ್ಯದ ಎರಡು ಹಳ್ಳಿಗಳನ್ನು ಕುರಿತ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬಾಕೆಯ ಗ್ರಂಥ. ಅಲ್ಲಿ ಕೋಷ್ಟಕಗಳಿಗೆ ಬರವಿಲ್ಲ. ಈಕೆ 1922ರಲ್ಲಿ ವಿಯೆನ್ನಾ ನಗರದ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದವರು. 1938ರಲ್ಲಿ ಹಿಟ್ಲರನು ಆಸ್ಟ್ರಿಯವನ್ನು ನುಂಗಿದಾಗ ದೇಶಬಿಟ್ಟು ಓಡಿ ಕಡೆಗೆ ಇಂಗ್ಲೆಂಡನ್ನು ಸೇರಿದರು; ಕಾರ್ಖಾನೆಯಲ್ಲಿ ಕೂಲಿಮಾಡಿ ಅನಂತರ ಮ್ಯಾಂಚೆಸ್ಟರಿನಲ್ಲಿ ಅರ್ಥಶಾಸ್ತ್ರವನ್ನೂ ಮಾನವಶಾಸ್ತ್ರವನ್ನೂ ಓದಿದರು. 1954ರಲ್ಲಿ ಮಂಡ್ಯದ ಸೀಮೆಗೆ ಬಂದರು. ಕನ್ನಂಬಾಡಿಯ ಕಟ್ಟೆಯ ನೀರು ಆ ಬಯಲನ್ನು ಹೇಗೆ ಮಾರ್ಪಡಿಸಿತೆಂಬುದನ್ನು ಮನೆಮನೆಯ ಆಯವ್ಯಯದ ಮೂಲಕ ಕಂಡುಹಿಡಿಯಬೇಕೆಂಬುದು ಅವರ ಸಂಕಲ್ಪ.

ಕಟ್ಟೆಯ ಕಥೆಯು ಕನ್ನಡಿಗರಿಗೆ ತಿಳಿದದ್ದೇ. 1911ರಲ್ಲಿ ಕೆಲಸ ಮೊದಲಾಗಿ ಎರಡು ದಶಕಗಳ ಮೇಲೆ ಮುಗಿಯಿತು. ಇರ್ವಿನ್ ನಾಲೆ, ಅಂದರೆ ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ನಾಲೆಯು, ರಾಗಿಯ ಹೊಲಗಳಿಗೆ ಕಾವೇರಿಯನ್ನು ತಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಗಿ ಮಂಡ್ಯದಲ್ಲಿ ಕಬ್ಬನ್ನು ಅರೆಯತೊಡಗಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಎಪ್‌ಸ್ಟೈನರು ವಂಗಲ, ದಲೇನ ಎಂದು ಕಲ್ಪಿತ ಹೆಸರುಗಳನ್ನಿಟ್ಟ ಎರಡು ಊರುಗಳಲ್ಲಿ ಮೊದಲನೆಯದಕ್ಕೆ ನಾಲೆಯ ನೀರು ಬಂತು. ಎರಡನೆಯದು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಅದರ ಹೊಲಗಳು ಖುಷ್ಕಿಯಾಗಿಯೇ ಉಳಿದುವು. ಸುತ್ತಲೂ ಹಸುರು, ನಡುವೆ ಮಳೆಯನ್ನು ನೋಡುತ್ತ ಕುಳಿತ ಊರು.

ಯಾವ ಊರು ಹೆಚ್ಚು ಬದಲಾಗಿರಬೇಕು? ವಂಗಲವೆಂದು ಯಾರಾದರೂ ಹೇಳಿಯಾರು. ಲೆಕ್ಕವು ಬೇರೆಯನ್ನೇ ಹೇಳಿತು. ವಂಗಲದ ರೈತನು ರಾಗಿಯ ಜೊತೆಗೆ ಬತ್ತವನ್ನೂ ಕಬ್ಬನ್ನೂ ಬೆಳೆದನು. ಕಾರ್ಖಾನೆಯು ಕಬ್ಬಿಗೆ ಮುಂಗಡ ಕೊಟ್ಟಿತು, ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಹಣ ಬಂತು. ಆದರೆ ಆತನು ಹಿಂದೆಯೂ ಒಕ್ಕಲುತನ ಮಾಡುತ್ತಿದ್ದನು, ಈಗಲೂ ಒಕ್ಕಲುತನವನ್ನೇ ಮಾಡಿದನು. ನೀರಾವರಿಗೆ ಆಳುಗಳು ಹೆಚ್ಚು ಬೇಕಾದುದರಿಂದ ಆದಿಕರ್ನಾಟಕರ ಮನೆಗಳೊಡನೆ ಇದ್ದ ವಂಶಪಾರಂಪರ್ಯದ ನಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡನು. ಹೊಸ ಹಣವು ಮನೆಯ ಗೋಡೆಗೂ ಮದುವೆಯ ಚಪ್ಪರಕ್ಕೂ ಹೋಯಿತು. ಹಳೆಯ ಊರೇ ಹೊಸ ಬಟ್ಟೆ ಉಟ್ಟಂತಾಯಿತು.

ನೀರು ಬಾರದ ದಲೇನದವರು ಊರಿನಲ್ಲಿ ಕುಳಿತರೆ ಹೊಟ್ಟೆ ತುಂಬದೆಂದು ಹೊರಗೆ ಕಾಲಿಟ್ಟರು. ಕೆಲವರು ಬೈಸಿಕಲ್ ಹತ್ತಿ ಮಂಡ್ಯದ ಕಾರ್ಖಾನೆಗೂ ಕಚೇರಿಗಳಿಗೂ ಹೋದರು. ಕೆಲವರು ಗಾಡಿ ಕಟ್ಟಿ ಪರರ ಕಬ್ಬನ್ನು ಸಾಗಿಸಿದರು. ದನದ ವ್ಯಾಪಾರ, ಹಿಟ್ಟಿನ ಗಿರಣಿ, ಸರ್ಕಾರಿ ಕೆಲಸದ ಗುತ್ತಿಗೆ ಹಿಡಿದವರೂ ಉಂಟು. ಕೈಯಲ್ಲಿ ಕಾಸು ಸೇರಿದವರು ನೆರೆಯೂರುಗಳಲ್ಲಿ ತರಿಭೂಮಿಯನ್ನು ಕೊಂಡರು. ಹೀಗೆ ಹತ್ತು ದಾರಿ ಹಿಡಿದವರಿಗೆ ಊರಿನ ಹಿರಿಯರ ಮಾತು ಮೊದಲಿನಷ್ಟು ದೊಡ್ಡದಾಗಿ ಉಳಿಯಲಿಲ್ಲ. ಗೌಡನಿಗೂ ಆಳುಮನೆಗೂ ಇದ್ದ ಹಳೆಯ ಕಟ್ಟು ಹರಿಯಿತು; ಆಳು ದಿನಗೂಲಿಯವನಾದನು. ಹಣವು ಎಷ್ಟು ಬಂತೆಂಬುದಕ್ಕಿಂತ ಅದು ಯಾವ ಬಾಗಿಲಿನಿಂದ ಬಂತೆಂಬುದರ ಮೇಲೆ ಊರಿನ ಕಟ್ಟಳೆಯು ಬದಲಾಗುತ್ತದೆಂದು 1962ರಲ್ಲಿ ಪ್ರಕಟವಾದ ಆ ಗ್ರಂಥವು ಸಾಧಿಸಿತು. ನೀರಾವರಿ, ಕಾರ್ಖಾನೆ, ರಸ್ತೆ ಇವುಗಳನ್ನು ತಂದರೆ ಸಮಾಜವು ತಾನಾಗಿಯೇ ಮುಂದುವರಿಯುವುದೆಂದು ನಂಬಿದ್ದ ಯೋಜನಾಕರ್ತರಿಗೆ ಇದು ನುಂಗಲು ಕಹಿಯಾದ ಔಷಧ.

ಹಳೆಯ ಕಟ್ಟು ಹರಿದುದು ಒಳ್ಳೆಯದೇ ಕೆಟ್ಟದ್ದೇ ಎಂಬ ಪ್ರಶ್ನೆಯು ಸುಲಭವಾದುದಲ್ಲ. ಎಪ್‌ಸ್ಟೈನರು ಇದನ್ನು ಕುರಿತು ಮಾಡಿದ ವಿಚಾರವು ಅರ್ಥಶಾಸ್ತ್ರದಲ್ಲಿ ನೆಲೆನಿಂತಿದೆ. ಆಳುಮನೆಗೆ ವರುಷಕ್ಕೆ ಇಂತಿಷ್ಟು ಧಾನ್ಯವೆಂಬುದು ಸಂಪ್ರದಾಯದ ನಿಗದಿ. ಬೆಳೆ ಚೆನ್ನಾಗಿ ಬಂದ ವರುಷ ಹೆಚ್ಚಿನ ಧಾನ್ಯವೆಲ್ಲಾ ಗೌಡನ ಕಣಜಕ್ಕೆ, ಆಳಿಗೆ ಅಷ್ಟೇ. ಬೆಳೆ ಹೋದ ವರುಷ ಊರಿನಲ್ಲಿ ಇದ್ದುದನ್ನು ಹಂಚಿಕೊಂಡಾಗ ಆಳುಮನೆಯ ಒಲೆಯೂ ಹೇಗೋ ಉರಿಯುತ್ತಿತ್ತು. ಅಂದರೆ ಕ್ಷಾಮದ ವರುಷದ ಅಂಬಲಿಗಾಗಿ ಸುಭಿಕ್ಷದ ವರುಷಗಳ ಅನ್ನವನ್ನೂ, ಅದರ ಜೊತೆಗೆ ತಲೆಯೆತ್ತಿ ನಡೆಯುವ ಹಕ್ಕನ್ನೂ ಆತನು ಮುಂಗಡವಾಗಿ ತೆತ್ತಿದ್ದನು. ಆ ವ್ಯಾಪಾರದಲ್ಲಿ ಬೆಲೆಯನ್ನು ಕಟ್ಟಿದವರು ಯಾರು ಎಂದು ಕೇಳಿದರೆ ವ್ಯವಸ್ಥೆಯ ಸೊಗಸನ್ನು ಹೊಗಳುವವರ ನಾಲಗೆ ತಡವರಿಸುತ್ತದೆ. 1976ರಲ್ಲಿ ಜೀತವನ್ನು ನಿಷೇಧಿಸುವ ಕಾನೂನು ದೇಶಕ್ಕೆಲ್ಲಾ ಬಂತು. ಜೀತದೊಡನೆ ಹೋದ ಕ್ಷಾಮಕಾಲದ ಅಂಬಲಿಯನ್ನು ಯಾರು ಕೊಡಬೇಕೆಂಬುದನ್ನು ದೇಶವು ಬಹುಕಾಲ ಯೋಚಿಸಿತು. ನ್ಯಾಯಬೆಲೆಯ ಅಂಗಡಿಯ ಮುಂದಿನ ಸಾಲನ್ನು ನೋಡಿ ಮೂಗುಮುರಿಯುವ ವಿದ್ಯಾವಂತರು ಈ ಹಿಂದಿನ ಲೆಕ್ಕವನ್ನು ಒಮ್ಮೆ ಓದಬೇಕು.

1970ರಲ್ಲಿ ಎಪ್‌ಸ್ಟೈನರು ಅದೇ ಊರುಗಳಿಗೆ ಮರಳಿ ಬಂದರು. ಮೊದಲ ಸಲದ ಲೆಕ್ಕವನ್ನು ಕೈಯಲ್ಲಿ ಹಿಡಿದು ಎರಡನೆಯ ಸಲ ಎಣಿಸುವ ಧೈರ್ಯವು ಎಲ್ಲ ಪರಿಶೋಧಕರಿಗೂ ಇರುವುದಿಲ್ಲ; ಬರೆದುದು ಸುಳ್ಳಾಗಿದ್ದರೆ ಎಂಬ ಅಳುಕು ಇದ್ದೇ ಇರುತ್ತದೆ. ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರವು ಹೆಚ್ಚಿದ್ದನ್ನು ಆಕೆ ಕಂಡರು. ಅದಕ್ಕಿಂತ ಗಮನಿಸಬೇಕಾದ ಮತ್ತೊಂದು ಸಂಗತಿಯುಂಟು. 1955ರ ಸುಮಾರಿನಲ್ಲಿ ವಂಗಲದ ಒಕ್ಕಲಿಗರಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ತೆರವನ್ನು ಕೊಟ್ಟು ಹೆಣ್ಣು ತರುವುದು ರೂಢಿಯಾಗಿತ್ತು. ಹದಿನೈದು ವರುಷಗಳಲ್ಲಿ ಆ ಪ್ರವಾಹವು ತಿರುಗಿ ಹರಿಯತೊಡಗಿತು. ಅನುಕೂಲಸ್ಥರ ಮನೆಗಳಲ್ಲಿ ಹೆಣ್ಣಿನ ತಂದೆಯು ವರದಕ್ಷಿಣೆಯನ್ನು ಕೊಡಬೇಕಾಯಿತು.

ಇದಕ್ಕೆ ಕಾರಣಗಳು ಹಲವು. ಹಣವಂತರಾದ ಒಕ್ಕಲಿಗರು ನಗರದ ಮೇಲ್ಜಾತಿಗಳ ನಡೆಯನ್ನು ಅನುಕರಿಸಿದರು. ಓದಿದ ವರನಿಗೆ ಪೈಪೋಟಿ ಹುಟ್ಟಿತು. ಎಲ್ಲಕ್ಕಿಂತ ಮಿಗಿಲಾಗಿ, ಗದ್ದೆಯ ಕೆಲಸಕ್ಕೆ ಕೂಲಿಯಾಳುಗಳನ್ನು ಇಡುವ ಶಕ್ತಿ ಬಂದೊಡನೆ ಮನೆಯ ಹೆಂಗಸರನ್ನು ಹೊಲದಿಂದ ಒಳಗೆ ಕರೆದುಕೊಂಡರು. ಹೊಲದಲ್ಲಿ ದುಡಿಯುವ ಸೊಸೆಯು ಮನೆಗೆ ಬರುವ ಆಸ್ತಿ, ಆಕೆಗೆ ತೆರವುಂಟು; ಒಳಗೆ ಕುಳಿತ ಸೊಸೆಯು ಸಾಕಬೇಕಾದ ಹೊರೆ, ಆಕೆಯ ತಂದೆಯು ತೆರಬೇಕು. ಬಿಸಿಲು ಮಳೆಗಳಿಂದ ಬಿಡುಗಡೆಯನ್ನು ಪಡೆದಳೆಂದು ಊರೆಲ್ಲಾ ಸಂತೋಷಪಟ್ಟ ಹೆಣ್ಣಿನ ಬೆಲೆಯು ಹೀಗೆ ಸದ್ದಿಲ್ಲದೆ ಇಳಿಯಿತು. ಒಳಗೆ ಕುಳಿತವಳೆಂಬ ಮಾತಾದರೂ ಎಷ್ಟು ದಿಟ? ಬೆಳಗಿನ ಜಾವದಿಂದ ರಾಗಿ ಬೀಸಿ, ನೀರು ಹೊತ್ತು, ದನ ಕಟ್ಟಿ, ಹತ್ತಾರು ಜನಕ್ಕೆ ಮುದ್ದೆ ಇಳಿಸುವ ಕೆಲಸವನ್ನು ಯಾವ ರಾಷ್ಟ್ರೀಯ ವರಮಾನದ ಕೋಷ್ಟಕವೂ ಕೂಡಿಸಿಕೊಳ್ಳಲಿಲ್ಲ. ಎಕರೆಯ ಹುಟ್ಟುವಳಿ ಹೆಚ್ಚಿತು, ತಲೆಯ ವರಮಾನ ಹೆಚ್ಚಿತು, ಇವೆರಡು ಸಾಲುಗಳ ಕೆಳಗೆ ಹೆಣ್ಣು 'ಹೆತ್ತವರಿಗೆ ಭಾರ'ವಾದ ಸಂಗತಿಯನ್ನು ಬರೆಯಲು ಸರ್ಕಾರದ ನಮೂನೆಯಲ್ಲಿ ಅಂಕಣವಿರಲಿಲ್ಲ. ಅದನ್ನು ಕಾಣಲು, ಮನೆಗಳ ಮದುವೆಯ ಖರ್ಚನ್ನು ಹದಿನೈದು ವರುಷಗಳ ಅಂತರದಲ್ಲಿ ಎರಡು ಸಲ ಕೇಳಿದ ಒಬ್ಬ ಪರದೇಶದ ಹೆಂಗಸು ಬೇಕಾಯಿತು.

1972ರಲ್ಲಿ ರಾಯರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಅಧ್ಯಯನಕ್ಕೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿ ಶ್ರೀನಿವಾಸರನ್ನು ದೆಹಲಿಯಿಂದ ಕರೆಸಿಕೊಂಡರು. ದೇಶದ ಮೊತ್ತವನ್ನು ಕಟ್ಟಿದವರೂ ಊರಿನ ಜಗುಲಿಯಲ್ಲಿ ಕುಳಿತವರೂ ಒಂದೇ ಸೂರಿನಡಿಯಲ್ಲಿ ಸೇರಿದ್ದು ಕನ್ನಡ ನಾಡಿಗೆ ಒದಗಿದ ಸುಯೋಗವೇ ಸರಿ. ಅಲ್ಲಿಂದೀಚೆಗೆ ಇಲ್ಲಿನ ಹಳ್ಳಿಗಳನ್ನು ಕುರಿತ ವರದಿಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಬಹುಪಾಲು ಮತ್ತೊಬ್ಬ ಪರಿಶೋಧಕನೇ ಓದುವಂಥವು. ಊರಿನ ಹೆಸರನ್ನು ಮುಚ್ಚುವುದು ಊರಿನವರ ಮಾನರಕ್ಷಣೆಗೆಂದು ಶಾಸ್ತ್ರಜ್ಞರು ಹೇಳುವರು. ಅದು ಯುಕ್ತವಾದುದೇ. ಆದರೆ ಹೆಸರು ಬದಲಾದ ಊರು ಪರಭಾಷೆಯ ಪುಸ್ತಕದೊಳಗೆ ಕುಳಿತರೆ, ಉತ್ತರ ಕೊಟ್ಟ ಮನೆಯ ಮೊಮ್ಮಗನು ಅದನ್ನು ಗ್ರಂಥಾಲಯದಲ್ಲಿ ಕಂಡರೂ ತನ್ನ ತಾತನನ್ನು ಗುರುತಿಸಲಾರನು.

ಎಪ್‌ಸ್ಟೈನರು 2014ರಲ್ಲಿ ತೀರಿಕೊಂಡರು. ಅವರು ಆ ಎರಡು ಊರುಗಳ ನಲವತ್ತು ವರುಷಗಳ ಮಾರ್ಪಾಡನ್ನು ಕುರಿತ ಗ್ರಂಥವನ್ನು 1998ರಲ್ಲಿ ಹೊರತಂದಿದ್ದರು. 1962ರ ಗ್ರಂಥದ ಮೇಲೆ ಆಕೆಯೊಬ್ಬರ ಹೆಸರು ಮಾತ್ರವಿದೆ. ಈ ಗ್ರಂಥದ ಮೇಲೆ ಅವರ ಹೆಸರಿನ ಕೆಳಗೆ ಕನ್ನಡ ನಾಡಿನ ಸೂರ್ಯನಾರಾಯಣ, ತಿಮ್ಮೇಗೌಡ ಎಂಬಿಬ್ಬರ ಹೆಸರುಗಳೂ ಗ್ರಂಥಕರ್ತರ ಸ್ಥಾನದಲ್ಲಿಯೇ ಅಚ್ಚಾಗಿವೆ. ಹೆಸರು 'ವಿಲೇಜ್ ವಾಯ್ಸಸ್', ಎಂದರೆ ಹಳ್ಳಿಯ ದನಿಗಳು. ಅಚ್ಚಾದುದು ಅದೂ ಇಂಗ್ಲಿಷಿನಲ್ಲಿಯೇ.